ಮುದುಕಪ್ಪನ ಓ

ನಮ್ಮೂರಿಗೆ ಬಂದವರು ಯಾರನ್ನೂ ದಾರಿ ಕೇಳಬಾರದು. ಕೇಳಿದರೆ ಎಲ್ಲರೂ ಹೇಳುತ್ತಾರೆ. ಕೈ ಎತ್ತಿ ಎಡಕ್ಕೋ ಬಲಕ್ಕೋ ತೋರಿಸುತ್ತಾರೆಯೇ ಹೊರತು ಒಬ್ಬರ ಬಾಯಿಂದಲೂ ‘ಗೊತ್ತಿಲ್ಲ’ ಎಂಬ ಮಾತು ಬರುವುದಿಲ್ಲ. ಇದು ಜಂಬವಲ್ಲ. ಅರ್ಧ ಊರಿಗೆ ಆ ಮಾತು ಆಡಲು ಬಾರದು. ಅವರೆಲ್ಲ ಒಂದಲ್ಲ ಒಂದು ಕೇಸಿನಲ್ಲಿ ಕಟಕಟೆ ಹತ್ತಿ, ಸಾಹುಕಾರರಿಗೋ ಪೊಲೀಸರಿಗೋ ಹೆದರಿ, ‘ಗೊತ್ತಿಲ್ಲ ಸ್ವಾಮಿ’ ಎಂದು ಹೇಳಿ ಇಳಿದು ಬಂದವರು.

ನಮ್ಮ ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಿದವರ ಒಂದು ಮಾತು ಅಲ್ಲೇ ಉಳಿಯುತ್ತದೆ. ಕೇಸು ಯಾವ ಮಾತಿನ ಮೇಲೆ ನಿಂತಿದೆಯೋ ಆ ಮಾತು. ಕೇಸು ಪೂರ್ತಿ ಮುಗಿಯುವ ತನಕ ಅದು ಸಾಕ್ಷಿಯ ನಾಲಿಗೆಗೆ ಬಾರದು. ಬರೆಯಬಹುದು, ಬೇರೆಯವರು ಅಂದರೆ ಕೇಳಿಸಿಕೊಳ್ಳಬಹುದು, ತಾನು ಮಾತ್ರ ಅನ್ನಲಾಗದು. ತೀರ್ಪು ಮುಗಿದು, ಮೇಲಿನ ಕೋರ್ಟು ಮುಗಿದು, ಅದರ ಮೇಲಿನದೂ ಮುಗಿದ ದಿನ ಮಾತು ವಾಪಸು ಬರುತ್ತದಂತೆ. ಮುಗಿದರೆ ತಾನೇ!

ಕೋರ್ಟಿನ ಕಾಂಪೌಂಡಿಗೆ ಒತ್ತಿಕೊಂಡು, ಪೊಲೀಸ್ ಠಾಣೆಗೆ ಎದುರಾಗಿ ನನ್ನ ಚಹಾದಂಗಡಿಯಿದೆ. ಯಾರು ಏನು ಕಳೆದುಕೊಂಡಿದ್ದಾರೆಂದು ನನಗೆ ಗೊತ್ತಿರುವಷ್ಟು ಜಡ್ಜರಿಗೂ ಗೊತ್ತಿಲ್ಲ. ರಾಚಣ್ಣನಿಗೆ ಹೊಲದ ಬಡಿದಾಟದ ಕೇಸಿನಲ್ಲಿ ‘ನೀರು’ ಹೋಯಿತು. ಬಂದು ಕೂತು, “ದೇವಕ್ಕಾ, ಒಂದು ಗ್ಲಾಸ್ ಅದು” ಅನ್ನುತ್ತಾನೆ. ಬಳೆಗಾರ್ತಿ ಶಾಂತವ್ವನಿಗೆ ‘ಗಂಡ’ ಎಂಬ ಮಾತೇ ಹೋಗಿ ಎಷ್ಟೋ ಕಾಲವಾಯಿತು. ಆಕೆ ಅದಕ್ಕಾಗಿ ಒಂದು ದಿನವೂ ಬೇಜಾರು ಮಾಡಿಕೊಂಡಿದ್ದನ್ನು ನಾನು ಕಂಡಿಲ್ಲ. ನಾವೆಲ್ಲ ಹೀಗೆ ಹೊಂದಿಕೊಂಡಿದ್ದೇವೆ. ಕೆಲವು ವಕೀಲರು ಸಾಕ್ಷಿಗಳಿಗೆ ಯಾರೂ ಬಳಸದ ಹಳೆಯ ಪದಗಳನ್ನು ಕಲಿಸಿ ಕಳಿಸುತ್ತಾರೆ, ಹೋದರೆ ಅದು ಹೋಗಲಿ ಎಂದು. ಎದುರು ವಕೀಲರು ಬಿಡುತ್ತಾರೆಯೇ? ‘ಕುರಿ ಕಾಯುವವ ಕೊಡಲಿಗೆ ಪರಶು ಅಂತಾನೇನು, ಇದು ಹೇಳಿಕೊಟ್ಟ ಸಾಕ್ಷಿ’ ಎಂದು ಕೇಸೇ ಬೀಳಿಸುತ್ತಾರೆ.

ಅಂಗಡಿಯ ಹಿಂದೆ ಗಿರಣಿ ಓಣಿ. ನಾನು ಅಲ್ಲಿಯವಳು, ಫಕ್ಕೀರವ್ವನೂ ಅಲ್ಲಿಯವಳು. ನಮ್ಮ ಓಣಿಗೆ ಒಂದು ರೂಢಿಯಿತ್ತು. ಕರೆದ ಹೆಸರು ಬರಿದೆ ಹೋಗಬಾರದು. ಸಂಜೆ ತಾಯಂದಿರು ಬಾಗಿಲಲ್ಲಿ ನಿಂತು ಮಕ್ಕಳನ್ನು ಕರೆಯುತ್ತಿದ್ದರು. ಕರೆದ ಮಗು ಹತ್ತಿರದಲ್ಲಿ ಇಲ್ಲವೆಂದರೆ, ಕಿವಿಗೆ ಬಿದ್ದವರು ಯಾರಾದರೂ ಸರಿ, ಕೈಯ ಕೆಲಸ ಬಿಡದೆ ‘ಓ’ ಅಂದುಬಿಡಬೇಕು. ಉತ್ತರ ಸಿಗದ ಹೆಸರು ಓಣಿ ದಾಟಿ ಹೋದರೆ ಒಳ್ಳೆಯದಲ್ಲ ಎಂದು ನಮ್ಮ ಅಜ್ಜಿಯರು ಹೆದರಿಸಿದ್ದರು. ನಾವು ಹೆದರಿದ್ದೆವು, ನಮ್ಮ ಮಕ್ಕಳನ್ನೂ ಹೆದರಿಸಿದೆವು. ಎಷ್ಟು ಮಕ್ಕಳ ಬದಲಿಗೆ ನಾನು ಓ ಅಂದಿದ್ದೇನೋ! ಈಗ ಕರಿ ಕೋಟು ಹಾಕಿ ದೊಡ್ಡ ವಕೀಲನಾಗಿರುವ ಮಹಾಬಳೇಶ ಚಿಕ್ಕವನಿದ್ದಾಗ ಇಡೀ ಸಂಜೆ ಕಾಲುವೆಯಲ್ಲಿ ಮುಳುಗಿರುತ್ತಿದ್ದ. ಅವನವ್ವ ಕರೆದಾಗಲೆಲ್ಲ ಓ ಅಂದವಳು ನಾನೇ.

ಫಕ್ಕೀರವ್ವನ ಮಗನ ಹೆಸರು ಮುದುಕಪ್ಪ. ಅವನಿಗಿಂತ ಮೊದಲಿನ ಕೂಸುಗಳು ತೊಟ್ಟಿಲಲ್ಲೇ ತೀರಿಕೊಂಡಿದ್ದವು. ಇವನಾದರೂ ಹಲ್ಲುಬಿದ್ದು ಕೋಲು ಹಿಡಿಯುವ ತನಕ ಬದುಕಲಿ ಎಂದು ಆ ಹೆಸರಿಟ್ಟಳು. ಶಾಲೆಯಲ್ಲಿ ಎಲ್ಲರೂ ನಗುತ್ತಿದ್ದರು. “ನಗಲಿ ಬಿಡು, ಹೆಸರ ಕಾಯ್ತದ,” ಎನ್ನುತ್ತಿದ್ದಳು ಅವಳು. ಹುಡುಗ ಮೀಸೆ ಬಂದ ಮೇಲೆ ಹಿಟ್ಟಿನ ಗಿರಣಿಗೆ ಸೇರಿಕೊಂಡ. ದಿನವಿಡೀ ತಲೆಗೂದಲು, ಹುಬ್ಬು ಎಲ್ಲಾ ಬೆಳ್ಳಗೆ. “ಈಗ ನೋಡು, ಹೆಸರಿಗೆ ತಕ್ಕಂಗ ಕಾಣ್ತೀ,” ಎಂದು ನಾನು ಕಾಡಿಸಿದರೆ ಹಿಟ್ಟು ಉದುರಿಸುತ್ತಾ ನಗುತ್ತಿದ್ದ. ಗಿರಣಿಯ ಸದ್ದಿಗೆ ಅವನ ಕಿವಿ ಸ್ವಲ್ಪ ಮಂದವಾಗಿತ್ತು. ಹಾಗಾಗಿ ತಾಯಿ ಗಂಟಲು ಹರಿಯುವಂತೆ ಕರೆಯುತ್ತಿದ್ದಳು, ಅವನೂ ಅಷ್ಟೇ ಜೋರಾಗಿ ಓಗೊಡುತ್ತಿದ್ದ. ಅವನ ಓ ಮೇಲೆದ್ದು, ಉದ್ದಕ್ಕೆ ಎಳೆದು, ಕೊನೆಗೆ ಗಿರಣಿಯ ಪಟ್ಟಾ ನಿಲ್ಲುವ ಹಾಗೆ ಮೆಲ್ಲಗೆ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ಗಿರಣಿಯಲ್ಲಿ ಯಾರದೋ ಚಿನ್ನದ ಸರ ಕಳೆಯಿತು. ಪೊಲೀಸರು ಬಂದು, ಅಲ್ಲಿದ್ದ ಎಲ್ಲರ ಪೈಕಿ ಮುದುಕಪ್ಪನನ್ನು ಎಬ್ಬಿಸಿಕೊಂಡು ಹೊರಟರು. ನನ್ನ ಅಂಗಡಿಯ ಮುಂದೆಯೇ ನಡೆಸಿಕೊಂಡು ಹೋದರು. ಹಿಟ್ಟಿನ ಮೈ, ಬರಿಗಾಲು. “ಅಕ್ಕಾ, ಊಟಕ್ಕ ತಡ ಆಗ್ತದಂತ ಅವ್ವಗ ಹೇಳು,” ಎಂದು ನಕ್ಕು ಒಳಗೆ ಹೋದ. ನಾನು ಹೇಳಿ ಕಳಿಸಿದೆ. ಫಕ್ಕೀರವ್ವ ಬುತ್ತಿ ಕಟ್ಟಿಕೊಂಡೇ ಬಂದಳು. ಒಳಗೆ ಬಿಡಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತು, “ಮುದುಕಪ್ಪಾ...” ಎಂದು ಕರೆದಳು. ಒಳಗಿನಿಂದ ಓ ಎಂದು ಬಂತು. ಅವಳ ಮುಖ ಅರಳಿತು. “ಅದಾನವ್ವಾ, ಒಳಗ ಅದಾನ,” ಎಂದು ರಸ್ತೆಯ ಆಚೆಯಿಂದಲೇ ನನಗೆ ಹೇಳಿದಳು.

ಬಿಸಿಲು ಇಳಿಯುವ ತನಕ ಕರೆಯುತ್ತಲೇ ಇದ್ದಳು. ಪ್ರತಿ ಸಲವೂ ಓ ಬರುತ್ತಿತ್ತು. ಬರುಬರುತ್ತಾ ಅದು ಮೇಲೇಳುವುದು ಕಡಿಮೆಯಾಯಿತು, ಆಮೇಲೆ ಎಳೆಯುವುದು ಕಡಿಮೆಯಾಯಿತು. ಕೊನೆಗೆ ಇಳಿಯುವ ತುದಿಯೊಂದೇ ಕೇಳಿಸುತ್ತಿತ್ತು. ನಾನು ಚಹಾ ಸೋಸುವುದನ್ನು ಬಿಟ್ಟು ನಿಂತೆ. ಮತ್ತೆ ಕರೆದಳು. ಈ ಸಲ ಏನೂ ಬರಲಿಲ್ಲ. ಇನ್ನೊಮ್ಮೆ ಕರೆದಳು. ಪೇದೆಯೊಬ್ಬ ಹೊರಗೆ ಬಂದು, “ಯಾರನ್ನ ಕರೀಲಿಕ್ಕತ್ತೀ? ಒಳಗ ಯಾರೂ ಇಲ್ಲ. ಮನೀಗೆ ನಡಿ,” ಎಂದ. ಅವನ ದನಿ ನಡುಗುತ್ತಿತ್ತು ಎಂದು ನಾನು ಈಗಲೂ ಹೇಳುತ್ತೇನೆ.

ಮರುದಿನ ಮುದುಕಪ್ಪ ಕಾಲುವೆಯಲ್ಲಿ ಸಿಕ್ಕ. ಆ ಬುತ್ತಿಯನ್ನು ಫಕ್ಕೀರವ್ವ ಬಿಚ್ಚಲೂ ಇಲ್ಲ, ಚೆಲ್ಲಲೂ ಇಲ್ಲ. ನಾನೇ ಕಸಿದುಕೊಂಡು ಹೋಗಿ ಹಸುವಿಗೆ ಹಾಕಿ ಬಂದೆ. ಅತ್ತುಕೊಂಡೇ ಹಾಕಿದೆ.

ಊರು ಎದ್ದು ನಿಂತಿತು, ಗಲಾಟೆಯಾಯಿತು, ಠಾಣೆಯ ಸಾಹೇಬರ ಮೇಲೆ ಕೇಸೂ ಆಯಿತು. ಸಾಹೇಬರ ಹೇಳಿಕೆ ಸರಳವಾಗಿತ್ತು. ಹುಡುಗನನ್ನು ಕರೆತಂದದ್ದು ನಿಜ, ವಿಚಾರಿಸಿ ಆಗಲೇ ಹಿಂಬಾಗಿಲಿನಿಂದ ಬಿಟ್ಟುಕಳಿಸಿದೆವು, ಅವನು ಹೆದರಿ ಓಡುವಾಗ ಕಾಲುವೆಗೆ ಬಿದ್ದಿರಬೇಕು. ಮೈಮೇಲಿನ ಗಾಯಗಳು ಕಾಲುವೆಯ ಕಲ್ಲಿನವು. ಠಾಣೆಯ ಕ್ಯಾಮೆರಾ? ಅದು ಸರಿಯಾಗಿ ಆ ದಿನವೇ ಕೆಟ್ಟಿತ್ತು. ಗಿರಣಿಯ ಮಾಲೀಕ ಕಟಕಟೆ ಹತ್ತಿ ಗೊತ್ತಿಲ್ಲ ಎಂದ, ಅವತ್ತಿನಿಂದ ಗಿರಾಕಿಗಳು ಏನು ಕೇಳಿದರೂ ಗೊತ್ತಿರುವವನ ಹಾಗೆ ತಲೆಯಾಡಿಸುತ್ತಾನೆ. ಆ ಪೇದೆಯೂ ಅದೇ ಮಾತು ಹೇಳಿದ. ಉಳಿದದ್ದು ನಾವಿಬ್ಬರು ಹೆಂಗಸರು, ಮತ್ತು ನಾವು ಕೇಳಿಸಿಕೊಂಡದ್ದು.

ಸರ್ಕಾರಿ ವಕೀಲೆ ಮಂದಾಕಿನಿ ಮೇಡಂ ಒಳ್ಳೆಯ ಹೆಣ್ಣುಮಗಳು. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಬಿಡಿಸಿ ಹೇಳಿದರು. ಸಂಜೆಯ ತನಕ ಮುದುಕಪ್ಪ ಠಾಣೆಯ ಒಳಗಿದ್ದ ಎಂದು ಸಾಬೀತಾಗಬೇಕು, ಅದಕ್ಕೆ ಫಕ್ಕೀರವ್ವ ಕರೆದದ್ದು, ಅವನು ಓಗೊಟ್ಟದ್ದು ಬಿಟ್ಟರೆ ಬೇರೆ ಆಧಾರವಿಲ್ಲ. “ಏನಂತ ಕರೆದ್ರಿ ಅಂತ ಕೇಳೇ ಕೇಳ್ತಾರೆ. ಹೆಸರು ಹೇಳಬೇಕಾಗತ್ತೆ,” ಎಂದರು.

ಫಕ್ಕೀರವ್ವ ನನ್ನ ಮುಖ ನೋಡಿದಳು. ಅವಳ ಹತ್ತಿರ ಮಗನ ಫೋಟೋ ಕೂಡ ನೆಟ್ಟಗಿರಲಿಲ್ಲ, ಗುಂಪಿನಲ್ಲಿ ಅರ್ಧ ಮುಖ ಕಾಣುವ ಒಂದಿತ್ತು. ಇದ್ದದ್ದು ಹೆಸರೊಂದೇ. ಒಲೆ ಹಚ್ಚುವಾಗ, ಕಸ ಗುಡಿಸುವಾಗ, ಮಲಗುವ ಮುಂಚೆ ಅದನ್ನು ಅಂದುಕೊಂಡೇ ಬದುಕಿದ್ದಳು. “ಅದನ್ನೂ ಇವರ ಇಟ್ಕೊಂಡ್ರ ನಾ ಏನಂತ ಅಳಲಿ ದೇವಕ್ಕಾ?” ಎಂದಳು. “ನಾ ಹೇಳ್ತೀನಿ ಬಿಡು. ಹೆಸರು ನನ್ನ ಬಾಯಿಂದ ಹೋಗ್ಲಿ. ನೀ ಬರೇ ‘ನನ್ನ ಮಗನ್ನ ಕರದೆ’ ಅನ್ನು,” ಎಂದೆ. ಮೇಡಂ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಮೊದಲು ನನ್ನ ಸಾಕ್ಷಿ, ಹೆಸರು ದಾಖಲಾಗಲಿ, ಆಮೇಲೆ ತಾಯಿಯದು.

ತಾರೀಖಿನ ಮೇಲೆ ತಾರೀಖು ಬಿದ್ದವು. ಒಂದು ಸಲ ಜಡ್ಜರ ವರ್ಗಾವಣೆ, ಒಂದು ಸಲ ವಕೀಲರ ಮುಷ್ಕರ, ಒಂದು ಸಲ ಸಾಹೇಬರಿಗೆ ಎದೆನೋವು. ಪ್ರತಿ ತಾರೀಖಿನ ಹಿಂದಿನ ದಿನ ಫಕ್ಕೀರವ್ವ ಅಂಗಡಿಗೆ ಬಂದು ಮಗನ ಹೆಸರನ್ನು ಬಾಯಿ ತುಂಬ ಅನ್ನುತ್ತಿದ್ದಳು, ಎಲ್ಲಿ ತಪ್ಪಿ ಕಟಕಟೆಯಲ್ಲಿ ಹೊರಬಿದ್ದೀತೋ ಎಂಬ ಭಯಕ್ಕೆ. ನಾನೂ ಅವಳ ಜೊತೆ ಅನ್ನುತ್ತಿದ್ದೆ. ನಮ್ಮಿಬ್ಬರನ್ನು ನೋಡಿದ ಗಿರಾಕಿಗಳು ಚಹಾ ಕುಡಿದು ಸುಮ್ಮನೆ ಎದ್ದು ಹೋಗುತ್ತಿದ್ದರು.

ಕೊನೆಗೂ ಆ ದಿನ ಬಂತು. ಸಾಹೇಬರ ಪರವಾಗಿ ಎದ್ದು ನಿಂತವನು ನಮ್ಮ ಓಣಿಯ ಮಹಾಬಳೇಶ. ನಾನು ಕಂಡದ್ದು, ಕೇಳಿದ್ದು ಎಲ್ಲ ಹೇಳಿದೆ. “ಏನೆಂದು ಕರೆದರು?” ಎಂದು ಜಡ್ಜರು ಕೇಳಿದಾಗ ಕಣ್ಣು ಮುಚ್ಚಿ, “ಮುದುಕಪ್ಪಾ ಅಂತ ಕರದ್ಲು. ಅಂವ ಓ ಅಂದ,” ಎಂದೆ. ಮಹಾಬಳೇಶ ಪಾಟೀಸವಾಲಿಗೆ ಎದ್ದ. ಹೆದರಿಸುತ್ತಾನೆ ಎಂದುಕೊಂಡಿದ್ದೆ. ಅವನು ನಕ್ಕ.

“ದೇವಕ್ಕಾ, ನಾ ಸಣ್ಣಾಂವ ಇದ್ದಾಗ ಕಾಲುವ್ಯಾಗ ಈಜಾಕ ಹೋಗ್ತಿದ್ದೆ. ನಮ್ಮವ್ವ ಕರದಾಗ ಓ ಅಂತಿದ್ದವರು ಯಾರು?”

ನನಗೆ ಒಂದು ಕ್ಷಣ ಕೋರ್ಟು ಮರೆತೇಹೋಯಿತು. ಹುಡುಗ ಇಷ್ಟು ದೊಡ್ಡವನಾದರೂ ನೆನಪಿಟ್ಟುಕೊಂಡಿದ್ದಾನಲ್ಲ ಎಂದು ಎದೆ ತುಂಬಿತು. “ನಾನ ಅಲ್ಲೇನಪಾ,” ಎಂದೆ, ಹಲ್ಲು ಕಿಸಿದು.

“ನಮ್ಮ ಓಣ್ಯಾಗ ಎಲ್ಲರೂ ಹಂಗ ಒಬ್ಬರ ಬದಲಿ ಒಬ್ಬರು ಓ ಅಂತಾರ. ಹೌದಲ್ಲೋ?”

“ಹೌದು, ಅನ್ನಾಕ ಬೇಕು. ಕರದ ಹೆಸರು ಬರಿದಾ ಹೋಗಬಾರದು.”

“ಅಷ್ಟ ಸಾಕು,” ಎಂದು ಕೂತ. ಮಂದಾಕಿನಿ ಮೇಡಂ ಹಣೆಗೆ ಕೈ ಹಚ್ಚಿದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಫಕ್ಕೀರವ್ವ ಕಟಕಟೆ ಹತ್ತಿದಳು. ಹೇಳಿಕೊಟ್ಟ ಹಾಗೆಯೇ ‘ನನ್ನ ಮಗ’ ಎಂದೇ ಎಲ್ಲವನ್ನೂ ಹೇಳಿದಳು. ಮಹಾಬಳೇಶ ಮೆತ್ತಗೆ ಕೇಳಿದ. ಒಳಗೆ ಬೇರೆ ಯಾರಾದರೂ ಇದ್ದಿರಬಹುದು, ಪೇದೆಯೇ ಇರಬಹುದು, ತಾಯಿ ಕರೆಯುತ್ತಿದ್ದಾಳಲ್ಲ ಎಂದು ಕನಿಕರಪಟ್ಟು, ಊರ ರೂಢಿಯ ಹಾಗೆ ಓ ಅಂದಿರಬಹುದಲ್ಲವೇ?

“ಇಲ್ರೀ. ಅದು ನನ್ನ ಮಗನ ಓ.”

“ಓ ಅನ್ನೂದರಾಗ ಏನು ಫರಕು ಇರ್ತದಬೇ?”

“ಇರ್ತದ್ರೀ.”

“ಏನದು? ಸ್ವಾಮಿಗಳ ಮುಂದ ಹೇಳು.”

ಫಕ್ಕೀರವ್ವ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಸ್ವಲ್ಪ ಎತ್ತಿ, ಮಗ ಹೇಗೆ ಅನ್ನುತ್ತಿದ್ದನೋ ಹಾಗೆಯೇ ಅಂದು ತೋರಿಸಿದಳು. ಮೇಲೆದ್ದು, ಉದ್ದಕ್ಕೆ ಎಳೆದು, ಮೆಲ್ಲಗೆ ಇಳಿಯಿತು. ಸಾಕ್ಷಾತ್ ಅವನೇ ಅಂದ ಹಾಗಿತ್ತು. ಜಡ್ಜರು ಪೆನ್ನು ಕೆಳಗಿಟ್ಟರು. ಸಾಹೇಬರು ನೆಲ ನೋಡುತ್ತಿದ್ದರು.

ಮಹಾಬಳೇಶ ಜಡ್ಜರು ಮತ್ತೆ ಪೆನ್ನು ಹಿಡಿಯುವ ತನಕ ಕಾದ. ಆಮೇಲೆ ಜಡ್ಜರ ಕಡೆ ತಿರುಗಿ, “ದಾಖಲಾಗಲಿ ಸ್ವಾಮಿ. ಆ ಓ ಅನ್ನು ಬೇರೆಯವರೂ ಅನ್ನಬಹುದು. ಈ ತಾಯಿಯೇ ಈಗ ಅಂದು ತೋರಿಸಿದ್ದಾರೆ,” ಎಂದ.

ಹೊರಗೆ ಬಂದಾಗ ನಮಗೆ ಇದರ ಗೊಡವೆಯೇ ಇರಲಿಲ್ಲ. ಮೆಟ್ಟಿಲು ಇಳಿಯುತ್ತಲೇ ಫಕ್ಕೀರವ್ವ ಹೆದರಿ ಹೆದರಿ ಬಾಯಿ ತೆರೆದಳು. “ಮುದುಕಪ್ಪ,” ಎಂದಳು. ಬಂತು! ಮತ್ತೊಮ್ಮೆ ಅಂದಳು. ನನ್ನ ತೋಳು ಹಿಡಿದು ಅಲುಗಾಡಿಸಿ, “ನೀ ಅನ್ನು, ನೀ ಅನ್ನು,” ಎಂದಳು. ನಾನೂ ಅಂದೆ. ನನಗೂ ಬಂತು. ಕೋರ್ಟಿನ ಅಂಗಳದಲ್ಲೇ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು. ಕೋರ್ಟು ನಮ್ಮಿಂದ ಏನೂ ಇಟ್ಟುಕೊಳ್ಳಲಿಲ್ಲ, ದೇವರು ದೊಡ್ಡವನು ಎಂದುಕೊಂಡೆವು. ಅವತ್ತು ಅಂಗಡಿಗೆ ಬಂದವರಿಗೆಲ್ಲ ನಾನು ಸಕ್ಕರೆ ಹೆಚ್ಚು ಹಾಕಿ ಚಹಾ ಕೊಟ್ಟೆ.

ಸಂಜೆ ದರ್ಜಿ ಮಾಬುಸಾಬನ ಹೆಂಡತಿ ಬಾಗಿಲಲ್ಲಿ ನಿಂತು ಮಗಳನ್ನು ಕರೆದಳು. ಹುಡುಗಿ ಅಲ್ಲೆಲ್ಲೂ ಇರಲಿಲ್ಲ. ನಾನು ಪಾತ್ರೆ ತೊಳೆಯುತ್ತಾ ಎಂದಿನಂತೆ ಬಾಯಿ ತೆರೆದೆ. ತುಟಿ ದುಂಡಗಾಯಿತು. ಗಂಟಲಿನಿಂದ ಏನೂ ಹೊರಡಲಿಲ್ಲ. ಇನ್ನೊಮ್ಮೆ ಪ್ರಯತ್ನಪಟ್ಟೆ. ಬರೀ ಉಸಿರು. ಎದುರು ಬೆಂಚಿನಲ್ಲಿದ್ದ ಫಕ್ಕೀರವ್ವನ ತುಟಿಯೂ ದುಂಡಗಾಗಿತ್ತು, ಅವಳಿಗೂ ಬರುತ್ತಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಾವು ಇಷ್ಟು ದಿನ ಹೆಸರನ್ನು ಕಾಯ್ದುಕೊಂಡು ಕೂತಿದ್ದೆವು. ಕೇಸು ಹೆಸರಿನ ಮೇಲೆ ನಿಂತಿರಲೇ ಇಲ್ಲ. ಕೋರ್ಟು ಯಾವ ಮಾತನ್ನು ಇಟ್ಟುಕೊಂಡಿದೆ ಎಂದು ತಿಳಿದ ಕೂಡಲೇ ತೀರ್ಪು ಏನಾಗುತ್ತದೆ ಎಂದೂ ನನಗೆ ತಿಳಿಯಿತು. ಫಕ್ಕೀರವ್ವನಿಗೆ ಹೇಳಲು ಧೈರ್ಯ ಸಾಲಲಿಲ್ಲ.

ಹಾಗೇ ಆಯಿತು. ಆ ಓಣಿಯಲ್ಲಿ ಒಬ್ಬರ ಬದಲಿಗೆ ಮತ್ತೊಬ್ಬರು ಓಗೊಡುವ ರೂಢಿಯಿರುವುದನ್ನು ಸಾಕ್ಷಿಯೇ ಒಪ್ಪಿರುವುದರಿಂದ, ಒಳಗಿನಿಂದ ಕೇಳಿದ ದನಿ ಸತ್ತವನದೇ ಎನ್ನಲಾಗದು ಎಂದು ಜಡ್ಜರು ಓದಿದರು. ಸಂಶಯದ ಲಾಭ ಸಾಹೇಬರಿಗೆ ಸಿಕ್ಕಿತು. ಕೋರ್ಟಿನ ಅಂಗಳದಲ್ಲಿ ಅವರ ಕೊರಳಿಗೆ ಹಾರ ಬಿತ್ತು. ಸರ್ಕಾರ ಮೇಲ್ಮನವಿ ಹಾಕಿದೆ, ಇನ್ನೂ ಮುಗಿದಿಲ್ಲ ಎಂದು ಮೇಡಂ ಸಮಾಧಾನ ಹೇಳಿದರು. ಮುಗಿದಿಲ್ಲ ಎಂದರೆ ನಮ್ಮ ಮಾತೂ ವಾಪಸು ಬರುವುದಿಲ್ಲ ಎಂದರ್ಥ, ಅದನ್ನು ಅವರು ಹೇಳಲಿಲ್ಲ.

ಓಣಿಯ ಜನ ಗರ ಬಡಿದವರ ಹಾಗಾದರು. ಎಲ್ಲ ತಾಯಂದಿರ ಮಕ್ಕಳನ್ನು ಕಾಯಲೆಂದು ಅನ್ನುತ್ತಾ ಬಂದ ಓ ಒಬ್ಬ ತಾಯಿಯ ಮಗನನ್ನು ಕೊಂದವರ ಕೈಗೆ ಸಿಕ್ಕಿಬಿಟ್ಟಿತ್ತು. ಯಾರೂ ಸಭೆ ಕೂಡಿ ತೀರ್ಮಾನಿಸಲಿಲ್ಲ, ಆದರೂ ಒಬ್ಬೊಬ್ಬರೇ ನಿಲ್ಲಿಸಿಬಿಟ್ಟರು. ಈಗ ಸಂಜೆಯ ಹೊತ್ತು ತಾಯಂದಿರು ಕರೆಯುತ್ತಾರೆ, ಮಗು ಹತ್ತಿರವಿದ್ದರೆ ಬರುತ್ತದೆ. ಇಲ್ಲದಿದ್ದರೆ ಹೆಸರು ಸುಮ್ಮನೆ ಓಣಿ ದಾಟಿ ಹೋಗುತ್ತದೆ.

ಫಕ್ಕೀರವ್ವ ದಿನಾ ಸಂಜೆ ನನ್ನ ಅಂಗಡಿಗೆ ಬರುತ್ತಾಳೆ. ಠಾಣೆಯ ಮೆಟ್ಟಿಲ ಮೇಲೆ ಕೂರಲು ಬಿಡುವುದಿಲ್ಲವಾದ್ದರಿಂದ ನನ್ನ ಬೆಂಚಿನ ಮೇಲೆ ಕೂತು, ಆ ಕಡೆ ಮುಖ ಮಾಡಿ, “ಮುದುಕಪ್ಪಾ...” ಎಂದು ಕರೆಯುತ್ತಾಳೆ. ಒಂದೇ ಸಲ. ಕರೆದು ಸ್ವಲ್ಪ ಹೊತ್ತು ಕಾಯುತ್ತಾಳೆ. ಅನ್ನಬಲ್ಲವರು ಅನ್ನುವುದಿಲ್ಲ. ಅನ್ನಬೇಕೆಂದು ಜೀವ ಹಿಂಡುವ ನನಗೆ ಅನ್ನಲು ಬರುವುದಿಲ್ಲ. ಹೆಸರು ಉಳಿಯಿತು ಎಂದು ಅಂದು ಅಂಗಳದಲ್ಲಿ ಹಿಗ್ಗಿದ್ದೆವಲ್ಲ, ಅದನ್ನು ನೆನೆದರೆ ಈಗ ನನಗೆ ನಾಚಿಕೆಯೂ ಆಗುತ್ತದೆ, ಅಳುವೂ ಬರುತ್ತದೆ.

ಮೊನ್ನೆ ಸಂಜೆ ಮಹಾಬಳೇಶ ಬಂದ. ತೀರ್ಪಾದ ಮೇಲೆ ಅವನು ನನ್ನ ಅಂಗಡಿಗೆ ಕಾಲಿಟ್ಟಿರಲಿಲ್ಲ. ಅವನ ಕಾರು ಕೆಟ್ಟು ನಿಂತಿತ್ತು, ಮೆಕ್ಯಾನಿಕ್ ಬರುವ ತನಕ ಬೇರೆ ಜಾಗವಿರಲಿಲ್ಲ. ಬೆಂಚಿನ ಆ ತುದಿಯಲ್ಲಿ ಫಕ್ಕೀರವ್ವನಿಗೆ ಬೆನ್ನು ಮಾಡಿ ಕೂತ. ನಾನು ಮಾತಾಡದೆ ಚಹಾ ಕೊಟ್ಟೆ. ಅವನು ಫೋನು ನೋಡುತ್ತಾ ಕುಡಿಯತೊಡಗಿದ.

ಫಕ್ಕೀರವ್ವ ಕರೆದಳು. “ಮುದುಕಪ್ಪಾ...”

“ಓ,” ಎಂದ ಮಹಾಬಳೇಶ.

ಬೇಕೆಂದು ಅಂದದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ನಮ್ಮ ಓಣಿಯಲ್ಲಿ ಬೆಳೆದವನು. ಕಿವಿಗೆ ಬಿತ್ತು, ಬಾಯಿಂದ ಬಂತು. ಅಂದ ಮೇಲೆಯೇ ಅವನಿಗೆ ಅರಿವಾದದ್ದು. ಕೈಯ ಗ್ಲಾಸು ವಾಲಿ ಚಹಾ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಓಣಿಯಲ್ಲಿ ದರ್ಜಿಯ ಮಷೀನು ನಿಂತಿತು. ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ.

ಫಕ್ಕೀರವ್ವ ಮೆಲ್ಲಗೆ ಅವನ ಕಡೆ ತಿರುಗಿದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಾನು ಕಾದೆ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

“ಮಹಾಬಳೇಶಾ, ಇದು ನಿಂದು,” ಎಂದಳು. “ನನ್ನ ಮಗಂದಲ್ಲ. ಬೆನ್ನು ಮಾಡಿ ಕುಂತಿದ್ದೀ, ನಾ ನಿನ್ನ ಮುಖ ನೋಡೇ ಇಲ್ಲ. ಆದರೂ ತಿಳೀತು ನೋಡು.”

ಅವನು ಗ್ಲಾಸನ್ನು ಬೆಂಚಿನ ಮೇಲಿಟ್ಟ.

“ನೀ ಕಾಲುವ್ಯಾಗ ಇದ್ದಾಗ ನಿನ್ನ ಬದಲಿ ದೇವಕ್ಕ ಉತ್ತರ ಕೊಡ್ತಿದ್ಲು. ಅದನ್ನ ಕೋರ್ಟಿನಾಗ ಹೇಳಿಸಿದಿ. ಆಗ ನಿಮ್ಮವ್ವ ಏನಂತಿದ್ಲು, ಅದು ನೆನಪದ ಇಲ್ಲೋ?”

ಅವನು ಅಂಗಿಯ ಮೇಲಿನ ಚಹಾದ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

“‘ದೇವಕ್ಕಾ, ಅಂವ ಎಲ್ಲಿ ಅದಾನ?’ ಅಂತಿದ್ಲು,” ಎಂದ ಕೊನೆಗೆ.

“ಹೂಂ,” ಎಂದಳು ಫಕ್ಕೀರವ್ವ. “ಒಂದು ಸಲನೂ ಮೋಸ ಹೋಗ್ಲಿಲ್ಲ ಆಕಿ.”

ಆಮೇಲೆ ಠಾಣೆಯ ಕಡೆ ಮುಖ ತಿರುಗಿಸಿ ಇನ್ನೊಮ್ಮೆ ಕರೆದಳು.